ಕ್ಲೋಡ್ ಬರ್ನಾರ್ ಮತ್ತು ಅಫೀಮಿನ ಅನುಪಾನ

ಎಮಿಲ್ ಜೋಲಾನ ಹೆಸರನ್ನು ಕೇಳದ ಸಾಹಿತ್ಯ ವಿದ್ಯಾರ್ಥಿಗಳು ವಿರಳ. ಆ ಕಾದಂಬರಿಕಾರನು 1880ರಲ್ಲಿ ಪ್ರಾಯೋಗಿಕ ಕಾದಂಬರಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿ, ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ನಡೆದುಕೊಳ್ಳುವಂತೆಯೇ ಲೇಖಕನೂ ತನ್ನ ಪಾತ್ರಗಳ ನಡುವೆ ನಡೆದುಕೊಳ್ಳಬೇಕೆಂದು ವಾದಿಸಿದನು. ಈ ವಾದಕ್ಕೆ ಅವನು ಆಧಾರವಾಗಿ ಹಿಡಿದದ್ದು ಯಾವ ಅಲಂಕಾರಶಾಸ್ತ್ರದ ಗ್ರಂಥವನ್ನೂ ಅಲ್ಲ. ಕ್ಲೋಡ್ ಬರ್ನಾರ್ ಎಂಬ ಶರೀರವಿಜ್ಞಾನಿಯು 1865ರಲ್ಲಿ ಪ್ರಾಯೋಗಿಕ ವೈದ್ಯಶಾಸ್ತ್ರಕ್ಕೆ ಪೀಠಿಕೆಯಾಗಿ ಬರೆದ ಗ್ರಂಥವನ್ನು. ಕನ್ನಡ ಸಾಹಿತ್ಯವನ್ನು ಪಾಠ ಹೇಳುವ ನಾನು ಬರ್ನಾರನ ಬಳಿಗೆ ಹೋದದ್ದು ಜೋಲಾನ ಬಾಗಿಲಿನಿಂದಲೇ. ಒಳಹೊಕ್ಕ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಎರಡು. ಈ ವಿಜ್ಞಾನಿ ಮೊದಲು ನಾಟಕಕಾರನಾಗಿದ್ದನೆಂಬುದು ಒಂದು. ಅಫೀಮಿನ ಸತ್ವವಾದ ಮಾರ್ಫಿನ್ನಿಗೆ ಬೇರೊಂದು ಔಷಧವನ್ನು ಜೊತೆಗೂಡಿಸಿದರೆ ಅದರ ನಡತೆಯೇ ಬದಲಾಗುತ್ತದೆಂದು ಪ್ರಾಣಿಗಳಲ್ಲಿ ತೋರಿಸಿಕೊಟ್ಟ ಮೊದಲಿಗರಲ್ಲಿ ಈತನೂ ಒಬ್ಬನೆಂಬುದು ಇನ್ನೊಂದು. ಮಾರ್ಫಿನ್ ದೇಹಕ್ಕೆ ಒಗ್ಗಿಹೋಗಿ ಕೈಕೊಡದಂತೆ ಮಾಡಬಲ್ಲ ಜೊತೆಮದ್ದನ್ನು ವಿಜ್ಞಾನಿಗಳು ಹುಡುಕುತ್ತಿರುವ ಇಂದಿನ ದಿನಗಳಲ್ಲಿ ಈ ಜೀವನವನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಬರ್ನಾರನು 1813ನೆಯ ಇಸವಿ ಜುಲೈ 12ರಂದು ಫ್ರಾನ್ಸಿನ ಬೋಜೊಲೆ ಪ್ರಾಂತದ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಮನೆತನದ ಕಸುಬು ದ್ರಾಕ್ಷಿಯ ಬೇಸಾಯ. ಊರಿನ ಪಾದ್ರಿಯೇ ಅವನಿಗೆ ಲ್ಯಾಟಿನ್ ಭಾಷೆಯ ಮೊದಲ ಗುರು. ಅನಂತರ ನೆರೆಯ ಪಟ್ಟಣಗಳಲ್ಲಿ ಕೆಲಕಾಲ ಓದಿದನಾದರೂ ಮನೆಯ ಅನುಕೂಲ ಸಾಲದೆ, ಹತ್ತೊಂಬತ್ತರ ಪ್ರಾಯಕ್ಕೆ ಲಿಯೋನ್ ನಗರದ ಹೊರವಲಯದಲ್ಲಿ ಔಷಧ ವ್ಯಾಪಾರಿಯೊಬ್ಬನ ಅಂಗಡಿಗೆ ಕೆಲಸಕ್ಕೆ ಸೇರಿದನು. ಸಮೀಪದ ಪಶುವೈದ್ಯ ಶಾಲೆಗೆ ಮದ್ದುಗಳನ್ನು ಒಯ್ದು ಕೊಡುವುದೂ ಅವನ ಕೆಲಸಗಳಲ್ಲೊಂದಾಗಿತ್ತು.

ಆ ಅಂಗಡಿಯಲ್ಲಿ ಥೀರಿಯಕ್ ಎಂಬ ಒಂದು ಲೇಹ್ಯವಿತ್ತು. ಹತ್ತಾರು ದ್ರವ್ಯಗಳನ್ನು ಕೂಡಿಸಿ ಮಾಡಿದ, ಅಫೀಮೂ ಸೇರಿದ್ದ ಈ ಪ್ರಾಚೀನ ಔಷಧವು ಸರ್ವರೋಗಪರಿಹಾರಕವೆಂದು ಜನ ನಂಬಿದ್ದರು. ಅಂಗಡಿಯಲ್ಲಿ ಕೆಟ್ಟುಹೋದ, ಮಿಕ್ಕುಳಿದ ಮದ್ದುಗಳನ್ನೆಲ್ಲ ಎಸೆಯದೆ ಥೀರಿಯಕ್ಕಿಗೆಂದು ತೆಗೆದಿರಿಸುವಂತೆ ಯಜಮಾನನ ಅಪ್ಪಣೆ. ಯಾವ ದಿನದ ಲೇಹ್ಯದಲ್ಲಿ ಏನಿದೆಯೆಂಬುದು ಕಲೆಸಿದವನಿಗೂ ತಿಳಿಯದು. ಆದರೂ ರೋಗಿಗಳು ಗುಣವಾಯಿತೆಂದು ಹೇಳಿಕೊಂಡು ಮತ್ತೆ ಬಂದು ಕೊಳ್ಳುತ್ತಿದ್ದರು. ಒಂದು ಮದ್ದಿನ ಜೊತೆಗೆ ಇನ್ನೊಂದನ್ನು ಬೆರೆಸಿದಾಗ ನಿಜವಾಗಿ ನಡೆಯುವುದೇನು ಎಂಬ ಸಂದೇಹದ ಬೀಜವು ಈ ತರುಣನ ಮನಸ್ಸಿನಲ್ಲಿ ಬಿದ್ದದ್ದು ಇಲ್ಲಿಯೇ ಎಂದು ಊಹಿಸಿದರೆ ತಪ್ಪಾಗದು.

ಆದರೆ ಆಗ ಅವನ ಹೃದಯವಿದ್ದದ್ದು ರಂಗಭೂಮಿಯಲ್ಲಿ. ಬಿಡುವು ಸಿಕ್ಕ ಸಂಜೆಗಳಲ್ಲಿ ನಾಟಕ ನೋಡುತ್ತಿದ್ದ ಬರ್ನಾರನು ತಾನೇ ರೋನ್ ನದಿಯ ಗುಲಾಬಿ ಎಂಬ ಅರ್ಥದ ಹೆಸರಿನ ಒಂದು ಲಘು ನಾಟಕವನ್ನು ಬರೆದನು. ಅದು ಲಿಯೋನಿನಲ್ಲಿ ಪ್ರದರ್ಶಿತವಾಗಿ ಅವನಿಗೆ ಅಲ್ಪ ಸಂಭಾವನೆಯನ್ನೂ ತಂದಿತು. ಇದರಿಂದ ಹುರುಪುಗೊಂಡು ಬ್ರಿಟನಿಯ ಆರ್ಥರನ ಕಥೆಯನ್ನು ಐದು ಅಂಕಗಳ ಗಂಭೀರ ನಾಟಕವನ್ನಾಗಿ ರಚಿಸಿ, 1834ರಲ್ಲಿ ಹಸ್ತಪ್ರತಿಯೊಡನೆ ಪ್ಯಾರಿಸ್ಸಿಗೆ ಹೋದನು. ಅಲ್ಲಿ ಸೇಂಟ್ ಮಾರ್ಕ್ ಜಿರಾರ್ಡಿನ್ ಎಂಬ ವಿಮರ್ಶಕನು ಅದನ್ನು ಓದಿ ನೋಡಿದನು. ಔಷಧದಂಗಡಿಯಲ್ಲಿ ದುಡಿದವನೆಂದ ಮೇಲೆ ವೈದ್ಯವನ್ನು ಕಲಿತು ಅನ್ನಕ್ಕೊಂದು ದಾರಿ ಮಾಡಿಕೊಳ್ಳಬಹುದು, ಬಿಡುವಾದಾಗ ನಾಟಕ ಬರೆಯಬಹುದು ಎಂದು ಅವನು ಬುದ್ಧಿ ಹೇಳಿದನು. ತರುಣ ಲೇಖಕರಿಗೆ ವಿಮರ್ಶಕರು ನೀಡಿದ ಸಲಹೆಗಳಲ್ಲಿ ಇಷ್ಟು ಫಲ ಕೊಟ್ಟದ್ದು ನನಗೆ ತಿಳಿದಮಟ್ಟಿಗೆ ಇನ್ನೊಂದಿಲ್ಲ. ಆ ನಾಟಕವು ಅಚ್ಚಾದದ್ದು ಕರ್ತೃವು ತೀರಿಕೊಂಡ ಮೇಲೆ, 1887ರಲ್ಲಿ.

ವೈದ್ಯ ವಿದ್ಯಾರ್ಥಿಯಾಗಿ ಬರ್ನಾರನು ಮೆರೆದವನಲ್ಲ. 1839ರಲ್ಲಿ ಆಸ್ಪತ್ರೆಯ ಒಳವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದ 29 ಮಂದಿಯಲ್ಲಿ ಅವನದು 26ನೆಯ ಸ್ಥಾನ. ಆದರೆ ಫ್ರಾಂಸ್ವಾ ಮಾಜಾಂಡಿ ಎಂಬ ಹಿರಿಯ ಶರೀರವಿಜ್ಞಾನಿಯ ಕಣ್ಣಿಗೆ ಈ ಶಿಷ್ಯನ ಕೈಚಳಕವು ಬಿದ್ದಿತು. 1841ರಲ್ಲಿ ಮಾಜಾಂಡಿಯು ಅವನನ್ನು ಕಾಲೇಜ್ ದ ಫ್ರಾನ್ಸಿನಲ್ಲಿ ತನ್ನ ಪ್ರಯೋಗ ಸಹಾಯಕನನ್ನಾಗಿ ಮಾಡಿಕೊಂಡನು. ಅಲ್ಲಿನ ಪ್ರಯೋಗಶಾಲೆ ಬೆಳಕು ಸಾಲದ, ತೇವ ಹಿಡಿದ ಕೋಣೆ. 1843ರಲ್ಲಿ ಜಠರರಸವನ್ನು ಕುರಿತ ಪ್ರಬಂಧಕ್ಕೆ ವೈದ್ಯ ಪದವಿ ದೊರೆತರೂ, ಮರುವರ್ಷ ಅಧ್ಯಾಪಕ ಹುದ್ದೆಯ ಸ್ಪರ್ಧೆಯಲ್ಲಿ ಸೋತನು. ಸಂಶೋಧನೆಯನ್ನು ಕೈಬಿಟ್ಟು ಹಳ್ಳಿಗೆ ಹಿಂದಿರುಗಿ ವೈದ್ಯವೃತ್ತಿ ನಡೆಸುವ ಆಲೋಚನೆಯೂ ಅವನಿಗೆ ಬಂದಿತ್ತು. ಅದನ್ನು ತಪ್ಪಿಸಿದ್ದು ಒಂದು ವಿವಾಹ. 1845ರಲ್ಲಿ ಪ್ಯಾರಿಸ್ಸಿನ ವೈದ್ಯನೊಬ್ಬನ ಮಗಳಾದ ಫ್ಯಾನಿ ಮಾರ್ಟಿನಳನ್ನು ಅವನು ವರಿಸಿದನು. ಅವಳು ತಂದ ವರದಕ್ಷಿಣೆಯ ಹಣದಿಂದ ಪ್ರಯೋಗಗಳು ಮುಂದುವರಿದವು.

ಮುಂದಿನ ಹದಿನೈದು ವರ್ಷಗಳ ಅವನ ಸಾಧನೆಯನ್ನು ಇಲ್ಲಿ ಹೆಸರಿಸಿ ಮುಂದುವರಿಯುತ್ತೇನೆ. ಕೊಬ್ಬಿನ ಪಚನದಲ್ಲಿ ಮೇದೋಜೀರಕ ರಸದ ಪಾತ್ರ, ಪಿತ್ತಜನಕಾಂಗವು ಸಕ್ಕರೆಯನ್ನು ತಾನೇ ಉಂಟುಮಾಡಿ ರಕ್ತಕ್ಕೆ ಬಿಡುತ್ತದೆಂಬ ಸತ್ಯ, 1857ರಲ್ಲಿ ಬೇರ್ಪಡಿಸಿದ ಗ್ಲೈಕೋಜನ್, ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ನರಗಳು, ದಕ್ಷಿಣ ಅಮೆರಿಕದ ಬಾಣದ ವಿಷವಾದ ಕ್ಯುರಾರೆಯು ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುವ ಬಗೆ, ಇವೆಲ್ಲವೂ ಅವನ ಕೈಯಿಂದ ಬಂದ ಫಲಗಳು. 1855ರಲ್ಲಿ ಮಾಜಾಂಡಿಯು ಮರಣಹೊಂದಿದಾಗ ಗುರುವಿನ ಪೀಠವು ಶಿಷ್ಯನಿಗೆ ಬಂದಿತು. ವಿಷವೆಂಬುದು ಬರ್ನಾರನಿಗೆ ಬರಿಯ ಮಾರಕವಸ್ತುವಲ್ಲ. ಶಸ್ತ್ರದ ಅಲಗು ಹೋಗಲಾರದ ಕಡೆಗೆ ಹೋಗಿ, ದೇಹದ ಒಂದೊಂದು ಭಾಗವನ್ನೇ ಪ್ರತ್ಯೇಕಿಸಿ ತೋರಿಸುವ ಸೂಕ್ಷ್ಮವಾದ ಉಪಕರಣವದು.

ಈ ದೃಷ್ಟಿಯಿಂದಲೇ 1864ರಲ್ಲಿ ಅವನು ಅಫೀಮಿನ ಕಡೆಗೆ ತಿರುಗಿದನು. ಜರ್ಮನಿಯ ಸರ್ಟ್ಯೂರ್ನರನು ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿ ಆ ವೇಳೆಗೆ ಅರ್ಧ ಶತಮಾನವಾಗಿತ್ತು. ಅನಂತರ ಕೋಡೀನ್, ನಾರ್ಕೋಟಿನ್, ನಾರ್ಸೀನ್, ಪಪಾವೆರಿನ್, ಥೀಬೇನ್ ಮೊದಲಾದ ಬೇರೆ ಸತ್ವಗಳೂ ಹೊರಬಂದಿದ್ದವು. ವೈದ್ಯರು ಮಾತ್ರ ಅಫೀಮೆಂದರೆ ನಿದ್ರೆಯೆಂದೇ ತಿಳಿದಿದ್ದರು. ಬರ್ನಾರನು ಆರು ಸತ್ವಗಳನ್ನೂ ಒಂದೊಂದಾಗಿ ಪ್ರಾಣಿಗಳಿಗೆ ಕೊಟ್ಟು ನೋಡಿ, ನಿದ್ರೆ ತರುವ ಗುಣ, ಸೆಳವು ತರುವ ಗುಣ, ಕೊಲ್ಲುವ ಗುಣ ಎಂದು ಮೂರು ಬಗೆಯಾಗಿ ಅವುಗಳನ್ನು ಕ್ರಮಪಡಿಸಿದನು. ಒಂದೇ ಗಿಡದ ಹಾಲಿನಿಂದ ಬಂದ ಥೀಬೇನ್ ನಿದ್ರೆ ತರುವುದಿರಲಿ, ಪ್ರಾಣಿಯನ್ನು ಸೆಳವಿಗೆ ಸಿಕ್ಕಿಸಿ ಕೊಲ್ಲುತ್ತಿತ್ತು. ಅವನ ತೀರ್ಮಾನಗಳೆಲ್ಲ ಮುಂದೆ ಉಳಿಯಲಿಲ್ಲ; ನಿದ್ರಾಕಾರಕಗಳಲ್ಲಿ ಅವನು ಮೊದಲ ಸ್ಥಾನ ಕೊಟ್ಟ ನಾರ್ಸೀನ್ ಆ ಹಿರಿಮೆಯನ್ನು ಉಳಿಸಿಕೊಳ್ಳಲಿಲ್ಲ. ಆದರೆ ಅಫೀಮು ಒಂದು ವಸ್ತುವಲ್ಲ, ಪರಸ್ಪರ ವಿರುದ್ಧ ಸ್ವಭಾವದ ವಸ್ತುಗಳ ಕೂಟ ಎಂಬ ಮಾತು ಉಳಿಯಿತು.

ಇದೇ ಕಾಲದಲ್ಲಿ ಅವನಿಗೆ ಇನ್ನೊಂದು ಸಂಗತಿ ಕಂಡಿತು. ಕ್ಲೋರೋಫಾರಂ ಕೊಟ್ಟು ಮೈಮರೆಸಿದ್ದ ನಾಯಿಯೊಂದು ಎಚ್ಚರಗೊಳ್ಳುತ್ತಿದ್ದಾಗ ಅದರ ಚರ್ಮದಡಿಗೆ ಮಾರ್ಫಿನ್ನನ್ನು ಚುಚ್ಚಿದನು. ಮಾರ್ಫಿನ್ ಒಂದನ್ನೇ ಕೊಟ್ಟ ನಾಯಿ ಮಂಪರಿನಲ್ಲಿದ್ದರೂ ಶಬ್ದಕ್ಕೆ ಬೆಚ್ಚುತ್ತದೆ, ಚಿವುಟಿದರೆ ಅಲುಗುತ್ತದೆ. ಈ ನಾಯಿ ಹಾಗಾಗಲಿಲ್ಲ. ಹೊಸದಾಗಿ ಕ್ಲೋರೋಫಾರಂ ಇಲ್ಲದೆಯೇ ಮತ್ತೆ ಸಂಪೂರ್ಣವಾಗಿ ಸಂವೇದನೆಯನ್ನು ಕಳೆದುಕೊಂಡಿತು. ಬರ್ನಾರನು ಕ್ರಮವನ್ನು ತಿರುಗಿಸಿ ನೋಡಿದನು. ಮೊದಲೇ ಮಾರ್ಫಿನ್ ಕೊಟ್ಟಿದ್ದರೆ ಆಮೇಲೆ ಬೇಕಾಗುವ ಕ್ಲೋರೋಫಾರಮ್ಮಿನ ಪ್ರಮಾಣವು ಬಹಳ ಕಡಿಮೆಯಾಯಿತು. ಮ್ಯೂನಿಕ್ ನಗರದ ನುಸ್‌ಬೌಮ್ ಎಂಬ ಶಸ್ತ್ರವೈದ್ಯನಿಗೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ, ಸ್ವತಂತ್ರವಾಗಿ, ಒಬ್ಬ ರೋಗಿಯಲ್ಲಿ ಇದೇ ಅನುಭವವಾಗಿತ್ತು. 1872ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯರಾದ ಲಾಬ್ಬೆ ಮತ್ತು ಗುಯಾನ್ ಈ ಜೋಡಿ ಕ್ರಮವನ್ನು ಮನುಷ್ಯರ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದುದನ್ನು ವರದಿ ಮಾಡಿದರು. ಕ್ಲೋರೋಫಾರಂ ಹೆಚ್ಚಾದರೆ ಹೃದಯವೇ ನಿಂತುಬಿಡಬಹುದಾಗಿದ್ದ ಆ ದಿನಗಳಲ್ಲಿ ಪ್ರಮಾಣವು ತಗ್ಗುವುದೆಂದರೆ ಪ್ರಾಣವು ಉಳಿಯುವುದು.

ನಮ್ಮ ನಾಡಿನ ಪಂಡಿತರು ಔಷಧದೊಡನೆ ಅನುಪಾನವನ್ನು ಹೇಳುವುದು ವಾಚಕರಿಗೆ ಗೊತ್ತಿದೆ. ಒಂದೇ ಮಾತ್ರೆಯನ್ನು ಜೇನಿನಲ್ಲಿ ಒಂದು ರೋಗಕ್ಕೆ, ಶುಂಠಿಯ ರಸದಲ್ಲಿ ಇನ್ನೊಂದಕ್ಕೆ ಕೊಡುತ್ತಾರೆ. ಜೊತೆಯಿಂದ ಔಷಧದ ಗುಣ ಬದಲಾಗುತ್ತದೆಂಬ ಭಾವನೆ ಹೊಸದಲ್ಲ. ಥೀರಿಯಕ್ ಕಲೆಸಿದವರೂ ಅದನ್ನೇ ನಂಬಿದ್ದರು. ಬರ್ನಾರನಲ್ಲಿ ಹೊಸದಾಗಿದ್ದುದು ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಶಿಸ್ತು. ಎರಡನ್ನೂ ಕೂಡಿಸಿ ಕೊಟ್ಟಾಗ ಏನಾಯಿತೆಂದು ನೋಡಿದರೆ ಸಾಲದು. ಒಂದನ್ನೇ ಕೊಟ್ಟಾಗ, ಇನ್ನೊಂದನ್ನೇ ಕೊಟ್ಟಾಗ, ಕ್ರಮವನ್ನು ಬದಲಿಸಿದಾಗ ಏನಾಗುತ್ತದೆಂದೂ ನೋಡಬೇಕು. ತನಗೆ ಪ್ರಿಯವಾದ ಊಹೆಯನ್ನೇ ಸುಳ್ಳಾಗಿಸಬಲ್ಲ ಪ್ರಯೋಗವನ್ನು ತಾನೇ ಹುಡುಕಿ ಮಾಡಬೇಕೆಂಬುದು ಅವನ ಗ್ರಂಥದ ಸಾರ. ಆ ಗ್ರಂಥವನ್ನು ಬರೆದದ್ದಾದರೂ ಕಾಯಿಲೆಯಿಂದ ಬಳಲುತ್ತ, ಪ್ರಯೋಗಶಾಲೆಗೆ ಹೋಗಲಾರದೆ ವಿಶ್ರಾಂತಿ ಪಡೆಯಬೇಕಾಗಿ ಬಂದ ದಿನಗಳಲ್ಲಿ.

ಈ ಸಾಧನೆಯ ಇನ್ನೊಂದು ಮುಖವನ್ನು ಮರೆಮಾಡುವುದು ಸಲ್ಲದು. ಬರ್ನಾರನ ಪ್ರಯೋಗಗಳ ಬೆಲೆಯನ್ನು ತೆತ್ತದ್ದು ನಾಯಿ, ಮೊಲ, ಕಪ್ಪೆಗಳು. ಈಥರ್ ಮತ್ತು ಕ್ಲೋರೋಫಾರಂ 1846-47ರಲ್ಲಿ ಬಳಕೆಗೆ ಬರುವ ಮೊದಲು ಪ್ರಾಣಿಗಳಿಗೆ ನೋವು ಮರೆಸುವ ಸಾಧನವೇ ಇರಲಿಲ್ಲ; ಬಂದಮೇಲೂ ಎಲ್ಲ ಪ್ರಯೋಗಗಳಲ್ಲಿ ಅವು ಬಳಕೆಯಾಗಲಿಲ್ಲ. ತನ್ನ ವಿಚಾರದಲ್ಲಿ ಮುಳುಗಿದ ಶರೀರವಿಜ್ಞಾನಿಗೆ ಪ್ರಾಣಿಯ ಕೂಗು ಕೇಳಿಸುವುದಿಲ್ಲವೆಂಬ ಅರ್ಥದಲ್ಲಿ ಅವನು ತನ್ನ ಗ್ರಂಥದಲ್ಲಿಯೇ ಬರೆದಿದ್ದಾನೆ. ಅದೇ ಗ್ರಂಥದಲ್ಲಿ, ಎಷ್ಟೇ ಜನರಿಗೆ ಉಪಕಾರವಾಗುವಂತಿದ್ದರೂ ಒಬ್ಬ ಮನುಷ್ಯನಿಗೆ ಹಾನಿಯಾಗುವ ಪ್ರಯೋಗವನ್ನು ಅವನ ಮೇಲೆ ಮಾಡಕೂಡದೆಂದೂ ವಿಧಿಸಿದ್ದಾನೆ. ಮನುಷ್ಯನ ಸುತ್ತ ಎಳೆದ ಗೆರೆಯು ನಾಯಿಯನ್ನು ಹೊರಗೇ ಬಿಟ್ಟಿತು.

ಒಮ್ಮೆ ಹೊಟ್ಟೆಯಲ್ಲಿ ಬೆಳ್ಳಿಯ ನಳಿಕೆ ಇಟ್ಟಿದ್ದ ನಾಯಿಯೊಂದು ತಪ್ಪಿಸಿಕೊಂಡು ತನ್ನ ಯಜಮಾನನ ಮನೆಗೆ ಓಡಿಹೋಯಿತು. ಯಜಮಾನನು ಆ ಪ್ರದೇಶದ ಪೊಲೀಸ್ ಅಧಿಕಾರಿ! ಬರ್ನಾರನನ್ನು ಕರೆಸಿ ವಿಚಾರಿಸಲಾಯಿತು. ಅವನು ಕ್ಷಮೆ ಯಾಚಿಸಿ, ನಾಯಿಯು ಬದುಕುವುದೆಂದು ಮಾತು ಕೊಟ್ಟು, ನಳಿಕೆಯನ್ನು ತೆಗೆದು ಗಾಯವನ್ನು ಮಾಯಿಸಿದನು. ಅಧಿಕಾರಿಯು ಮುಂದೆ ಅವನಿಗೆ ಆಶ್ರಯದಾತನೇ ಆದನು. ಮನೆಯಲ್ಲಿ ಮಾತ್ರ ಇಂಥ ರಾಜಿ ಸಾಧ್ಯವಾಗಲಿಲ್ಲ. ತನ್ನ ಹಣದಿಂದ ನಡೆದ ಈ ಕೆಲಸವನ್ನು ಫ್ಯಾನಿಯು ಸಹಿಸದಾದಳು. ಹೆಣ್ಣುಮಕ್ಕಳಿಬ್ಬರೂ ತಾಯಿಯ ಪಕ್ಷವಹಿಸಿದರು. ಗಂಡುಮಕ್ಕಳು ಶೈಶವದಲ್ಲಿಯೇ ತೀರಿಕೊಂಡಿದ್ದರು. 1870ರ ಹೊತ್ತಿಗೆ ದಂಪತಿಗಳು ಕಾನೂನಿನ ಪ್ರಕಾರ ಬೇರೆಯಾದರು. ತಾಯಿಮಕ್ಕಳು ಬೀದಿಪಾಲಾದ ನಾಯಿಗಳಿಗೆ ಆಸರೆ ಕೊಡುವ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಇಲ್ಲಿ ಯಾರದು ತಪ್ಪೆಂದು ತೀರ್ಪು ಹೇಳುವುದು ನನ್ನಿಂದಾಗದು. ಮಾರ್ಫಿನ್ನಿಗೆ ಕ್ಲೋರೋಫಾರಮ್ಮನ್ನು ಜೊತೆಗೂಡಿಸಿದ ಕ್ರಮವನ್ನು ಬರ್ನಾರನು ತನ್ನ ಮುಂದಿನ ಪ್ರಯೋಗಗಳಲ್ಲಿ ನಾಯಿಗಳನ್ನು ನಿಶ್ಚಲಗೊಳಿಸಲು ಬಳಸಿದನೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದರಲ್ಲಿ ಪ್ರಯೋಗದ ಅನುಕೂಲವೆಷ್ಟು, ಕರುಣೆಯೆಷ್ಟು ಎಂದು ಅಳೆಯುವುದು ಕಷ್ಟ; ನಾಯಿಯ ಪಾಲಿಗೆ ಎರಡರ ಫಲವೂ ಒಂದೇ.

ಕೊನೆಯ ವರ್ಷಗಳಲ್ಲಿ ಕೀರ್ತಿಯು ತಾನಾಗಿ ಬಂದಿತು. 1868ರಲ್ಲಿ ಫ್ರೆಂಚ್ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ನಾಟಕಕಾರನಾಗಲು ಬಂದಿದ್ದವನು ಹೀಗೆ ಸಾಹಿತಿಗಳ ಸಭೆಗೆ ಬೇರೆ ದಾರಿಯಿಂದ ಪ್ರವೇಶಿಸಿದನು. ಮರುವರ್ಷ ಮೂರನೆಯ ನೆಪೋಲಿಯನ್ನನು ಅವನನ್ನು ಸೆನೆಟ್ ಸದಸ್ಯನನ್ನಾಗಿಸಿದನು. ಶರತ್ಕಾಲ ಬಂದರೆ ಸೇಂಟ್ ಜೂಲಿಯನ್ನಿಗೆ ಹೋಗಿ ದ್ರಾಕ್ಷಿಯ ಕೊಯ್ಲನ್ನು ನೋಡುವುದು ಅವನಿಗೆ ಉಳಿದಿದ್ದ ಸಂತೋಷ. 1878ನೆಯ ಇಸವಿ ಫೆಬ್ರವರಿ 10ರಂದು ಮೂತ್ರಪಿಂಡದ ರೋಗದಿಂದ ಪ್ಯಾರಿಸ್ಸಿನಲ್ಲಿ ಅವನು ತೀರಿಕೊಂಡಾಗ ಸರ್ಕಾರದ ವೆಚ್ಚದಲ್ಲಿ ಅಂತ್ಯಕ್ರಿಯೆ ನಡೆಯಿತು. ಫ್ರಾನ್ಸಿನಲ್ಲಿ ಅದುವರೆಗೆ ಯಾವ ವಿಜ್ಞಾನಿಗೂ ಆ ಗೌರವ ಸಂದಿರಲಿಲ್ಲ.

ಅವನ ಮರಣಕ್ಕೆ ಒಂದು ವರ್ಷ ಮೊದಲು, 1877ರಲ್ಲಿ, ಬರ್ಲಿನ್ನಿನ ವೈದ್ಯ ಲೆವಿನ್‌ಸ್ಟೈನನು ಮಾರ್ಫಿನ್ನಿನ ಚಟವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದನು. ಚುಚ್ಚುಸೂಜಿಯು ಬಳಕೆಗೆ ಬಂದು ಸುಮಾರು ಇಪ್ಪತ್ತೈದು ವರ್ಷಗಳಾಗಿದ್ದವು. ನೋವಿಗೆಂದು ಮಾರ್ಫಿನ್ ಪಡೆದವರಲ್ಲಿ ನಿನ್ನೆಯ ಪ್ರಮಾಣವು ಇಂದಿಗೆ ಸಾಲದಾಗುವುದನ್ನು ವೈದ್ಯರೆಲ್ಲರೂ ಕಂಡಿದ್ದರು. ಬರ್ನಾರನ ನಾಯಿಗಳಿಗೆ ಔಷಧವು ದೊರೆತದ್ದು ಒಂದೆರಡು ಸಲ. ದಿನವೂ ಕೊಡುತ್ತ ಹೋದರೆ ದೇಹವು ಅದಕ್ಕೆ ಒಗ್ಗಿಹೋಗುತ್ತದೆಂಬ ಸಮಸ್ಯೆಯು ಅವನ ಮುಂದಿನವರ ಪಾಲಿಗೆ ಉಳಿಯಿತು. ನನ್ನ ಬಂಧುಗಳಲ್ಲಿ ಹಿರಿಯರೊಬ್ಬರು ಅರ್ಬುದ ರೋಗದ ಕೊನೆಯ ತಿಂಗಳುಗಳಲ್ಲಿ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರು. ಪ್ರಮಾಣವು ಏರಿದಂತೆಲ್ಲ ಮನೆಯವರು ಅವರಿಗೆ ಚಟ ಹತ್ತಿತೆಂದು ಅಂಜಿದರು. ವೈದ್ಯರು ಬಿಡಿಸಿ ಹೇಳಿದ ಮೇಲೆ ತಿಳಿಯಿತು: ಒಗ್ಗಿಕೆ ಬೇರೆ, ಚಟ ಬೇರೆ. ಚಟವು ಔಷಧಕ್ಕಾಗಿ ಮನಸ್ಸು ಹಾತೊರೆಯುವುದು. ಒಗ್ಗಿಕೆಯು ದೇಹದ ಕಣಗಳ ಹೊಂದಾಣಿಕೆ. ರೋಗವು ಬೆಳೆದು ನೋವೇ ಹೆಚ್ಚಾದಾಗಲೂ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಈ ವ್ಯತ್ಯಾಸವನ್ನು ಅರಿಯದ ಭಯದಿಂದ ಎಷ್ಟೋ ಮನೆಗಳಲ್ಲಿ ರೋಗಿಗಳು ನೋವನ್ನು ನುಂಗಿಕೊಂಡೇ ಸಾಯುತ್ತಾರೆ.

ಒಗ್ಗಿಕೆಯ ಗುಟ್ಟು ಬಿಚ್ಚಿಕೊಳ್ಳತೊಡಗಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳು ನರಕೋಶಗಳಲ್ಲಿವೆಯೆಂದು 1973ರಲ್ಲಿ ತೋರಿಸಲಾಯಿತು. ಅವುಗಳಿಗೆ ಹೊಂದುವ ವಸ್ತುಗಳನ್ನು ಮಿದುಳು ತಾನೇ ತಯಾರಿಸುತ್ತದೆಂದು 1975ರಲ್ಲಿ ತಿಳಿಯಿತು. ಔಷಧವು ಮತ್ತೆ ಮತ್ತೆ ಬಂದಾಗ ಗ್ರಾಹಕಗಳು ಮಂದವಾಗುತ್ತವೆ. ಅಷ್ಟೇ ಅಲ್ಲದೆ, ನೋವನ್ನು ಹೆಚ್ಚಿಸುವ ಎದುರು ವ್ಯವಸ್ಥೆಗಳು ತಕ್ಕಡಿಯನ್ನು ಸಮಗೊಳಿಸುವಂತೆ ಚುರುಕಾಗುತ್ತವೆ. ಇಲಿಗಳಲ್ಲಿ ಇದನ್ನು ಅಳೆಯುವ ವಿಧಾನವು ಸರಳ. ಬಾಲಕ್ಕೆ ಶಾಖ ತಾಗಿದ ಎಷ್ಟು ಕ್ಷಣಗಳಿಗೆ ಇಲಿಯು ಅದನ್ನು ಸೆಳೆದುಕೊಳ್ಳುತ್ತದೆಂದು ನೋಡುವುದು. ಮಾರ್ಫಿನ್ ಕೊಟ್ಟ ಮೊದಲ ದಿನ ತಡವಾಗಿ ಸೆಳೆಯುವ ಇಲಿಯು ಕೆಲವು ದಿನಗಳಾದ ಮೇಲೆ ಅದೇ ಪ್ರಮಾಣಕ್ಕೆ ಔಷಧವಿಲ್ಲದ ಇಲಿಯಂತೆಯೇ ವರ್ತಿಸುತ್ತದೆ.

ಎದುರು ವ್ಯವಸ್ಥೆಗಳನ್ನು ತಡೆದರೆ ಒಗ್ಗಿಕೆಯೂ ತಡೆಯುವುದೆಂಬ ಎಣಿಕೆಯಿಂದ ಜೊತೆಮದ್ದಿನ ಅನ್ವೇಷಣೆ ಆರಂಭವಾಯಿತು. 1984ರಲ್ಲಿ ವಾಟ್ಕಿನ್ಸ್ ಮತ್ತು ಸಂಗಡಿಗರು ಪ್ರೋಗ್ಲುಮೈಡ್ ಎಂಬ ಔಷಧವನ್ನು ಜೊತೆಗಿತ್ತಾಗ ಇಲಿಗಳಲ್ಲಿ ಮಾರ್ಫಿನ್ನಿನ ಶಕ್ತಿ ಹೆಚ್ಚಿ, ಒಗ್ಗಿಕೆಯು ಹಿಂಜರಿದಂತೆ ತೋರಿತು. 1991ರಲ್ಲಿ ಟ್ರುಹಿಯೊ ಮತ್ತು ಹುದಾ ಅಕಿಲ್ ನರಕೋಶದ ಗ್ಲೂಟಮೇಟ್ ಗ್ರಾಹಕವೊಂದನ್ನು ತಡೆಯುವ ಎಂಕೆ-801 ಎಂಬ ವಸ್ತುವನ್ನು ಕೂಡಿಸಿ ಕೊಟ್ಟು, ಒಗ್ಗಿಕೆಯು ಬೆಳೆಯದಂತೆ ತಡೆದುದನ್ನು ಪ್ರಕಟಿಸಿದರು. 1995ರಲ್ಲಿ ಕ್ರೇನ್ ಮತ್ತು ಶೆನ್ ವಿಚಿತ್ರವೆನಿಸುವ ಒಂದು ಫಲವನ್ನು ಮುಂದಿಟ್ಟರು. ಮಾರ್ಫಿನ್ನಿಗೆ ಪ್ರತಿವಿಷವಾದ ಔಷಧಗಳನ್ನೇ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬೆರೆಸಿದರೆ ನೋವು ಶಮನವು ಹೆಚ್ಚಿ ಒಗ್ಗಿಕೆಯು ತಗ್ಗುತ್ತದೆಂಬುದು ಅದು.

ಪ್ರಾಣಿಯಿಂದ ಮನುಷ್ಯನ ಕಡೆಗೆ ಬರುವಾಗ ಹಾದಿಯು ಕಡಿದಾಯಿತು. ಎಂಕೆ-801 ನರಕೋಶಗಳಿಗೆ ಹಾನಿಮಾಡುವುದು ಇಲಿಗಳಲ್ಲಿಯೇ ಕಂಡುಬಂದು ಅದು ಚಿಕಿತ್ಸೆಗೆ ಬರಲಿಲ್ಲ. ಅದರ ಸೌಮ್ಯ ಬಂಧುವಾದ, ಕೆಮ್ಮಿನ ಮದ್ದಾಗಿ ಬಳಕೆಯಲ್ಲಿದ್ದ ಡೆಕ್ಸ್ಟ್ರೋಮೆಥಾರ್ಫನ್ನನ್ನು ಮಾರ್ಫಿನ್ನಿನೊಡನೆ ಕೂಡಿಸಿ ದೀರ್ಘಕಾಲದ ನೋವುಳ್ಳ ರೋಗಿಗಳಿಗೆ ಕೊಟ್ಟು ನೋಡಿದರು. 2005ರಲ್ಲಿ ಪ್ರಕಟವಾದ ಮೂರು ಪರೀಕ್ಷೆಗಳಲ್ಲಿಯೂ ಬರಿಯ ಮಾರ್ಫಿನ್ನಿಗಿಂತ ಅದು ಮೇಲೆನಿಸಲಿಲ್ಲ. ಅದೇ ವರ್ಗದ ಕೀಟಮಿನ್ನನ್ನು ಕಠಿನ ಪ್ರಸಂಗಗಳಲ್ಲಿ ವೈದ್ಯರು ಎಚ್ಚರಿಕೆಯಿಂದ ಬಳಸುವುದುಂಟು; ಒಂದು ಅಫೀಮು ಜನ್ಯ ಔಷಧವನ್ನು ಬಿಟ್ಟು ಇನ್ನೊಂದಕ್ಕೆ ಬದಲಾಯಿಸುವುದೂ ಉಂಟು. ಒಗ್ಗಿಕೆಯನ್ನು ನಂಬಿಗಸ್ತವಾಗಿ ತಡೆಯುವ ಜೊತೆಮದ್ದು ರೋಗಿಯ ಕೈಗೆ ಬಂದಿಲ್ಲ.

ಈ ಸೋಲನ್ನು ಕಂಡು ಪ್ರಾಣಿಪ್ರಯೋಗವೆಲ್ಲ ವ್ಯರ್ಥವೆನ್ನುವವರೂ, ಮುಂದಿನ ಔಷಧದಲ್ಲಿ ಎಲ್ಲವೂ ಸರಿಹೋದೀತೆನ್ನುವವರೂ ಇದ್ದಾರೆ. ಬರ್ನಾರನ ಜೀವನವನ್ನು ಓದಿದ ನನಗೆ ಎರಡೂ ಆತುರದ ಮಾತುಗಳೆಂದು ತೋರುತ್ತದೆ. ಇಲಿಯ ಬಾಲವು ನಿಜವನ್ನೇ ಹೇಳಿತು. ಆದರೆ ಅದು ಹೇಳಿದ್ದು ಇಲಿಯ ನಿಜವನ್ನು, ಕೆಲವು ದಿನಗಳ ನಿಜವನ್ನು, ಶಾಖದ ನೋವಿನ ನಿಜವನ್ನು. ತಿಂಗಳುಗಟ್ಟಲೆ ನರಳುವ ಮನುಷ್ಯನ ಸ್ಥಿತಿಗತಿಗಳು ಬೇರೆ. ಒಂದು ಫಲವು ಯಾವ ಸ್ಥಿತಿಗತಿಗಳಲ್ಲಿ ನಿಲ್ಲುತ್ತದೆ, ಯಾವುವುಗಳಲ್ಲಿ ಬೀಳುತ್ತದೆಂದು ಗೊತ್ತುಮಾಡುವುದೇ ವಿಜ್ಞಾನವೆಂದು ಬರ್ನಾರನು ಬೋಧಿಸಿದ್ದನು. ಆ ಅಳತೆಗೋಲಿನಿಂದ ನೋಡಿದರೆ 2005ರ ನಿರಾಶೆಯು ಕೂಡ ಒಂದು ಗಳಿಕೆ.

ಫ್ಯಾನಿಯ ಪ್ರಶ್ನೆಯೂ ತೀರಿಹೋದದ್ದಲ್ಲ. ಇಂದು ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನೇಕ ದೇಶಗಳಲ್ಲಿ ನಿಯಮಗಳಿವೆ. ನಮ್ಮಲ್ಲಿಯೂ 1960ರ ಪ್ರಾಣಿಹಿಂಸಾ ನಿವಾರಣ ಕಾನೂನು ಅದಕ್ಕೊಂದು ಮಿತಿಯನ್ನು ಹಾಕಿದೆ. ಬರ್ನಾರನ ಕಾಲದಲ್ಲಿ ಸಹಾಯಕರ ವಿವೇಚನೆಗೆ ಬಿಟ್ಟಿದ್ದ ಸಂಗತಿಯು ಈಗ ಸಮಿತಿಯ ಅನುಮತಿಯನ್ನು ಬೇಡುತ್ತದೆ. ಅವನ ಹೆಂಡತಿಮಕ್ಕಳಂಥವರ ಹಟವಿಲ್ಲದೆ ಇದು ಬರುತ್ತಿರಲಿಲ್ಲ. ಅವನಂಥವರ ಹಟವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನಿಗೆ ಇಂದಿನ ನಿರ್ಭಯವಾದ ನಿದ್ರೆಯೂ ಇರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಕೂಡಿ ಬಾಳಲಾರದೆ ಹೋದ ಈ ಎರಡು ಹಟಗಳನ್ನು ಒಂದೇ ಪ್ರಯೋಗಶಾಲೆಯಲ್ಲಿ ಕೂಡಿ ಬಾಳಿಸುವ ಹೊಣೆಯು ಇಂದಿನ ತರುಣ ಸಂಶೋಧಕರ ಮೇಲಿದೆ.